ವೈರ್ ಕಡಿದ್ರೆ ಏನಾಗತ್ತೆ? ಮನೆ ಅಲಾರಂನ 170 ವರ್ಷದ ಕಥೆ

ಇವತ್ತಿನ ಕಥೆ ಶುರುವಾಗೋದು ಯಲಹಂಕ ನ್ಯೂ ಟೌನ್‌ನಲ್ಲಿರೋ ನಮ್ಮ ಮನೆಯ ಟೆರೇಸ್ ಬಾಗಿಲಿನಿಂದ. ಒಂದು ಬೆಳಿಗ್ಗೆ ಅಮ್ಮ ಬಟ್ಟೆ ಒಣಗಿಸೋಕೆ ಅಂತ ಆ ಬಾಗಿಲು ತೆಗೆದರು. ಅಲಾರಂ ಆನ್ ಇತ್ತು. ನಾನೇ ಮಾಡಿದ್ದ ಅಲಾರಂ. ಎಸ್‌.ಪಿ. ರೋಡಿಂದ ಸೆನ್ಸರ್, ಸೈರನ್, ಬ್ಯಾಟರಿ ತಂದು ಎರಡು ಭಾನುವಾರ ಕೂತು ಮಾಡಿದ್ದು. ಬಾಗಿಲು ತೆಗೆದ ತಕ್ಷಣ ಇಡೀ ಬೀದಿಗೆ ಕೇಳೋ ಹಾಗೆ ಕೂಗಬೇಕಿತ್ತು. ಕೂಗಲಿಲ್ಲ. "ಏನೋ, ನಿನ್ ಮಿಷಿನ್ ಇನ್ನೂ ಎದ್ದಿಲ್ವಾ?" ಅಂತ ಅಮ್ಮ ಮೇಲಿಂದಾನೇ ಕೇಳಿದ್ರು.

ಹುಡುಕಿದ್ರೆ, ಶಾಫ್ಟ್ ಒಳಗೆ ಇಲಿ ವೈರ್ ಕಡಿದಿತ್ತು. ನಾನು ಕೊನೇ ಸಲ ಟೆಸ್ಟ್ ಮಾಡಿ ಮೂರು ವಾರ ಆಗಿತ್ತು. ಆ ಮೂರು ವಾರದಲ್ಲಿ ನಾಲ್ಕು ದಿನ ಮನೆಗೆ ಬೀಗ ಹಾಕಿ ಅಜ್ಜಿ ಊರಿಗೆ ಹೋಗಿದ್ವಿ. ಅಲಾರಂ ಇದೆಯಲ್ಲ ಅನ್ನೋ ಧೈರ್ಯ, ಪಕ್ಕದ ಮನೆಯವರಿಗೂ ಹೇಳಿರಲಿಲ್ಲ.

ನಮ್ಮ ಹಿಂದಿನ ರಸ್ತೆಯಲ್ಲಿ ಬಿಇಎಲ್‌ನಿಂದ ರಿಟೈರ್ ಆದ ಅಂಕಲ್ ಒಬ್ಬರಿದ್ದಾರೆ. ಅವರಿಗೆ ನನ್ನ ಸರ್ಕ್ಯೂಟ್ ತೋರಿಸಿದೆ. ಸೆನ್ಸರ್ ಯಾವುದು, ಎಷ್ಟು ಕೊಟ್ಟೆ, ಏನೂ ಕೇಳಲಿಲ್ಲ. ಒಂದೇ ಪ್ರಶ್ನೆ: "ವೈರ್ ಕಡಿದ್ರೆ ಏನಾಗತ್ತಪ್ಪಾ?"

ಏನೂ ಆಗಲ್ಲ. ನಾನು ಕೂರಿಸಿದ್ದೇ ಹಾಗೆ. ಬಾಗಿಲು ತೆಗೆದರೆ ಸರ್ಕ್ಯೂಟ್ ಕೂಡುತ್ತೆ, ಕರೆಂಟ್ ಹರಿಯುತ್ತೆ, ಸೈರನ್ ಹೊಡೆಯುತ್ತೆ. ಕಾಲಿಂಗ್ ಬೆಲ್ ಥರ. ವೈರ್ ತುಂಡಾದರೆ? ಅದು ಯಾವತ್ತಿಗೂ ಕೂಡಲ್ಲ, ಯಾವತ್ತಿಗೂ ಕೂಗಲ್ಲ. ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು, ನಾನು ನಮ್ಮ ಮನೇಲಿ ಕಟ್ಟಿದ್ದು 1853ರ ಅಲಾರಂ ಅಂತ.

ಆ ವರ್ಷ ಜೂನ್‌ನಲ್ಲಿ ಅಮೆರಿಕದ ಬಾಸ್ಟನ್ ಪಕ್ಕದ ಸಾಮರ್‌ವಿಲ್‌ನಲ್ಲಿದ್ದ ಅಗಸ್ಟಸ್ ರಸೆಲ್ ಪೋಪ್ ವಿದ್ಯುತ್ಕಾಂತದ ಅಲಾರಂಗೆ ಪೇಟೆಂಟ್ ಪಡೆದರು. ಕಸುಬಿನಲ್ಲಿ ಅವರು ಪಾದ್ರಿ. ಬಾಗಿಲು, ಕಿಟಕಿಗೆ ಲೋಹದ ಸಂಪರ್ಕ. ತೆಗೆದರೆ ಬ್ಯಾಟರಿಯ ಕರೆಂಟ್ ಹರಿದು ಪುಟ್ಟ ಸುತ್ತಿಗೆ ಗಂಟೆ ಬಾರಿಸುತ್ತೆ. ಕಳ್ಳ ಗಾಬರಿಯಾಗಿ ಬಾಗಿಲು ಮತ್ತೆ ಮುಚ್ಚಿದರೂ ಗಂಟೆ ನಿಲ್ಲದ ಹಾಗೆ ಏರ್ಪಾಡು ಬೇರೆ. ಬೆಂಗಳೂರಿನ ಬೀದಿಗಳಿಗೆ ಕರೆಂಟ್ ದೀಪ ಬಂದಿದ್ದು 1905ರಲ್ಲಿ, ಶಿವನಸಮುದ್ರದಿಂದ. ಅದಕ್ಕೂ 52 ವರ್ಷ ಮುಂಚಿನ ಮಾತು ಇದು. ಆದರೆ ತಂತಿ ತುಂಡಾದರೆ ಈ ಥರದ ಸರ್ಕ್ಯೂಟ್ ಮೂಕ.

1857ರಲ್ಲಿ ಎಡ್ವಿನ್ ಹೋಮ್ಸ್ ಅನ್ನೋರು ಪೋಪ್ ಅವರಿಂದ ಈ ಹಕ್ಕು ಕೊಂಡು ಅಲಾರಂ ಅನ್ನ ದೊಡ್ಡ ವ್ಯಾಪಾರ ಮಾಡಿದರು. ಅಂಗಡಿ, ಬ್ಯಾಂಕುಗಳಿಂದ ಒಂದು ಕೇಂದ್ರ ಕಚೇರಿಗೆ ತಂತಿ ಎಳೆದರು. 1877ರಲ್ಲಿ ಬಾಸ್ಟನ್‌ನಲ್ಲಿ ಅವರ ಮಗ ಅದೇ ತಂತಿಗಳಿಗೆ ಗ್ರಹಾಂ ಬೆಲ್ ಅವರ ಹೊಸ ಟೆಲಿಫೋನ್ ಜೋಡಿಸಿದರು. ಹಗಲು ಅದೇ ತಂತಿಯಲ್ಲಿ ಫೋನ್ ಮಾತು, ರಾತ್ರಿ ಕಳ್ಳರ ಕಾವಲು. ಜಗತ್ತಿನ ಮೊದಮೊದಲ ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ ಒಂದು ಹುಟ್ಟಿದ್ದು ಕಳ್ಳರ ಭಯದಿಂದ ಅಂದ್ರೆ ನಂಬ್ತೀರಾ?

ಟೆಲಿಫೋನ್ ಆ ಸಾಲ ತೀರಿಸಿತು ಅಂತಲೂ ಹೇಳಬಹುದು. ಬೆಲ್ ಲ್ಯಾಬ್ಸ್‌ನ ವಾಲ್ಟರ್ ಎಲ್‌ವುಡ್ 1936ರಲ್ಲಿ ರೀಡ್ ಸ್ವಿಚ್ ಮಾಡಿದರು, ಫೋನ್ ಕೆಲಸಕ್ಕೆ ಅಂತ. ಗಾಜಿನ ಸಣ್ಣ ಕೊಳವೆ, ಒಳಗೆ ಕಬ್ಬಿಣ ಬೆರೆತ ಲೋಹದ ಎರಡು ತೆಳ್ಳಗಿನ ನಾಲಿಗೆ. ಮ್ಯಾಗ್ನೆಟ್ ಹತ್ತಿರ ಬಂದರೆ ಅಂಟಿಕೊಳ್ಳುತ್ತವೆ, ದೂರ ಹೋದರೆ ಬಿಡುತ್ತವೆ. ಧೂಳು, ಮಳೆ ಒಳಗೆ ಹೋಗಲ್ಲ. ಇವತ್ತು ಎಸ್‌.ಪಿ. ರೋಡಲ್ಲಿ "ಡೋರ್ ಸೆನ್ಸರ್ ಕೊಡಿ" ಅಂದ್ರೆ ಬಿಳಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೈಗೆ ಬರೋದು ಇದೇ.

ಈಗ ಅಂಕಲ್ ಪ್ರಶ್ನೆಗೆ ಬರ್ತೀನಿ. ಪರಿಹಾರ ಅಂದ್ರೆ ಪೋಪ್ ಅವರ ಸರ್ಕ್ಯೂಟನ್ನ ಉಲ್ಟಾ ಮಾಡೋದು. ಬಾಗಿಲು ಮುಚ್ಚಿರುವಾಗ ಕರೆಂಟ್ ಸದಾ ಹರೀತಾ ಇರಬೇಕು. ಅದು ನಿಂತರೆ ಕೂಗಬೇಕು. ಆಗ ಕಳ್ಳ ಬಾಗಿಲು ತೆಗೆದರೂ ಅಷ್ಟೇ, ಇಲಿ ವೈರ್ ಕಡಿದರೂ ಅಷ್ಟೇ, ಸೈರನ್ ಹೊಡೆಯುತ್ತೆ. ನಾನು ತಂದಿದ್ದ ಸೆನ್ಸರ್‌ಗೆ ಮೂರು ಸ್ಕ್ರೂ ಇತ್ತು: ಕಾಮನ್, ಎನ್‌ಒ, ಎನ್‌ಸಿ. ತಪ್ಪು ಸ್ಕ್ರೂಗೆ ವೈರ್ ಹಾಕಿದ್ದೆ. ಇಲ್ಲೊಂದು ಗೊಂದಲ ಇದೆ. ಕೆಲವರು ಮ್ಯಾಗ್ನೆಟ್ ಹತ್ತಿರ ಇದ್ದಾಗಿನ ಸ್ಥಿತಿಗೆ ಎನ್‌ಸಿ ಅಂತ ಬರೀತಾರೆ, ಕೆಲವರು ಮ್ಯಾಗ್ನೆಟ್ ಇಲ್ಲದಾಗಿನ ಸ್ಥಿತಿಗೆ. ಲೇಬಲ್ ನಂಬಬೇಡಿ. ಮಲ್ಟಿಮೀಟರ್ ಬೀಪ್‌ಗೆ ಇಟ್ಟು ಮ್ಯಾಗ್ನೆಟ್ ಹತ್ತಿರ ತನ್ನಿ. ಹತ್ತಿರ ತಂದಾಗ ಬೀಪ್ ಆಗಬೇಕು, ಅದೇ ನಮಗೆ ಬೇಕಾದ ಜೋಡಿ. ಇನ್ನೊಂದು ಮಾತು, ನಮ್ಮ ಕಡೆ ಎಲ್ಲೆಲ್ಲೂ ಕಬ್ಬಿಣದ ಗ್ರಿಲ್, ಕಬ್ಬಿಣದ ಬಾಗಿಲು. ಕಬ್ಬಿಣದ ಮೇಲೆ ನೇರವಾಗಿ ಕೂರಿಸಿದರೆ ಮ್ಯಾಗ್ನೆಟ್‌ನ ಶಕ್ತಿಯನ್ನ ಅದೇ ಎಳೆದುಕೊಳ್ಳುತ್ತೆ. ಮಧ್ಯೆ ಒಂದು ಮರದ ಚೂರು ಇಡಿ.

ಉಲ್ಟಾ ಮಾಡಿದರೂ ಒಂದು ತೂತು ಉಳಿಯುತ್ತೆ. ಎರಡೂ ವೈರ್ ಒಂದಕ್ಕೊಂದು ತಾಗಿದರೆ? ಬಾಗಿಲು ತೆಗೆದರೂ ಕರೆಂಟ್ ಹರೀತಾನೇ ಇರುತ್ತೆ, ಅಲಾರಂ ಪಾಲಿಗೆ ಎಲ್ಲ ಸರಿಯಾಗಿದೆ. ಅದಕ್ಕೆ ಲೂಪಿನ ತುದಿಯಲ್ಲಿ ಒಂದು ರೆಸಿಸ್ಟರ್ ಹಾಕ್ತಾರೆ. ನಾನು ಆರ್ಡ್ವಿನೋ ಬೋರ್ಡಿನ 5 ವೋಲ್ಟ್‌ಗೆ ಒಂದು 10 ಕಿಲೋ ಓಮ್, ಬಾಗಿಲ ಹತ್ತಿರ ಇನ್ನೊಂದು 10 ಕಿಲೋ ಓಮ್ ಹಾಕಿದೆ. ಎಲ್ಲ ಸರಿಯಿದ್ದರೆ ಬೋರ್ಡ್ ಓದೋದು 512ರ ಆಸುಪಾಸು. ಬಾಗಿಲು ತೆಗೆದರೆ, ವೈರ್ ಕಡಿದರೆ 1023. ವೈರ್ ತಾಗಿಸಿದರೆ 0. ಎರಡು ರೂಪಾಯಿ ಸಾಮಾನು, ಆದರೆ ಜಾಗ ಮುಖ್ಯ. ರೆಸಿಸ್ಟರ್ ಸೆನ್ಸರ್ ಇರೋ ತುದೀಲೇ ಇರಬೇಕು. ಕೆಲಸ ಸುಲಭ ಅಂತ ಬಾಕ್ಸ್ ಒಳಗೇ ಹಾಕಿದರೆ, ಆಚೆ ವೈರ್ ತಾಗಿದ್ದು ಅದಕ್ಕೆ ಗೊತ್ತೇ ಆಗಲ್ಲ.

ಇನ್ನು ಹಾಲ್‌ಗೆ ಹಾಕೋ ಮೋಷನ್ ಸೆನ್ಸರ್, ಪಿಐಆರ್. ಇದರ ಕಥೆ ಸಿಲೋನ್‌ಗೆ ಹೋಗುತ್ತೆ. 18ನೇ ಶತಮಾನದ ಶುರುವಿನಲ್ಲಿ ಡಚ್ಚರು ಅಲ್ಲಿಂದ ಟೂರ್ಮಲಿನ್ ಅನ್ನೋ ಹರಳು ಯುರೋಪಿಗೆ ಒಯ್ದರು. ಬಿಸಿ ಮಾಡಿದರೆ ಆ ಕಲ್ಲು ಒಲೆಯ ಬೂದಿಯನ್ನ ತನ್ನ ಕಡೆ ಎಳೀತಿತ್ತು, ಅದಕ್ಕೆ 'ಬೂದಿ ಎಳೆಯೋ ಕಲ್ಲು' ಅಂತಲೇ ಕರೆದರು. ಶಾಖ ಬದಲಾದರೆ ಕೆಲವು ಹರಳುಗಳಲ್ಲಿ ವಿದ್ಯುತ್ ಹುಟ್ಟುತ್ತೆ. ಪಿಐಆರ್ ಒಳಗಿರೋದು ಅದೇ ಗುಣದ ವಸ್ತು, ಎರಡು ಚೂರು. ನೀವು ಅಡ್ಡ ನಡೆದರೆ ಮೈಶಾಖ ಮೊದಲು ಒಂದಕ್ಕೆ, ಆಮೇಲೆ ಇನ್ನೊಂದಕ್ಕೆ ತಾಗುತ್ತೆ. ಆ ವ್ಯತ್ಯಾಸವೇ ಸಿಗ್ನಲ್. ಹಾಗಾಗಿ ನೇರ ಎದುರು ಬರೋರಿಗಿಂತ ಅಡ್ಡ ಹಾಯೋರನ್ನ ಚೆನ್ನಾಗಿ ಹಿಡಿಯುತ್ತೆ. ಮೂಲೆಯಲ್ಲಿ, ಬಿಸಿಲು ಬೀಳೋ ಕಿಟಕಿಗೆ ಮುಖ ಮಾಡದೆ ಕೂರಿಸಿ. ಲೆನ್ಸ್ ಮೇಲೆ ಹಲ್ಲಿ ಓಡಾಡಿದರೂ ಕೂಗಬಹುದು, ಅದಕ್ಕೆ ಹಲ್ಲಿ ಹತ್ತೋ ಟ್ಯೂಬ್‌ಲೈಟ್‌ನಿಂದ ದೂರ ಇರಲಿ.

ಆನ್‌ಲೈನ್‌ನಲ್ಲಿ ಸಿಗೋ ಎಚ್‌ಸಿ-ಎಸ್‌ಆರ್501 ಅನ್ನೋ ಪುಟ್ಟ ಪಿಐಆರ್ ಬೋರ್ಡ್ ಕಲಿಯೋಕೆ ಸೊಗಸಾಗಿದೆ, ಕಾವಲಿಗೆ ಬೇಡ ಅಂತೀನಿ. ಜನ ಕಂಡರೆ ಅದರ ಔಟ್‌ಪುಟ್ 3.3 ವೋಲ್ಟ್‌ಗೆ ಏರುತ್ತೆ, ಇಲ್ಲದಿದ್ದರೆ ಸೊನ್ನೆ. ವೈರ್ ಕಡಿದರೂ ಸೊನ್ನೆ! ಮತ್ತೆ 1853. ಅಲಾರಂಗೆ ಅಂತಲೇ ಮಾಡಿದ 12 ವೋಲ್ಟ್ ಪಿಐಆರ್‌ನಲ್ಲಿ ರಿಲೇ ಇರುತ್ತೆ. ಎಲ್ಲ ಶಾಂತವಾಗಿದ್ದಾಗ ಅದು ಮುಚ್ಚಿರುತ್ತೆ. ಜನ ಬಂದರೂ, ಪವರ್ ಹೋದರೂ, ವೈರ್ ಕಡಿದರೂ ತೆರೆಯುತ್ತೆ. ಡಬ್ಬಿ ಮುಚ್ಚಳ ತೆಗೆದರೆ ತಿಳಿಸೋಕೆ ಟ್ಯಾಂಪರ್ ಅಂತ ಬೇರೆ ಎರಡು ಸ್ಕ್ರೂ. ದುಡ್ಡು ಜಾಸ್ತಿ, ಕೊಡಿ.

ಕರೆಂಟ್ ಹೋಗೋ ಊರು ನಮ್ಮದು, ಬ್ಯಾಟರಿ ಬಿಡಬೇಡಿ. 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ, ಎಲ್ಲ ಸೇರಿ 100 ಮಿಲಿಆಂಪ್ ಎಳೆದರೆ ಲೆಕ್ಕಕ್ಕೆ 70 ಗಂಟೆ. ಅರ್ಧ ಅಂತ ಇಟ್ಕೊಳ್ಳಿ.

ಕೂಗಿದ ಮೇಲೆ ಯಾರು ಬರ್ತಾರೆ? ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಅನ್ನೋ ನರ್ಸ್‌ಗೂ ಇದೇ ಚಿಂತೆ. ಹೊತ್ತಲ್ಲದ ಹೊತ್ತಲ್ಲಿ ಮನೇಲಿ ಒಬ್ಬರೇ, ಪೊಲೀಸರು ಬರೋದು ತಡ. ಎಲೆಕ್ಟ್ರಾನಿಕ್ಸ್ ಕೆಲಸದ ಗಂಡನ ಜೊತೆ ಸೇರಿ ಬಾಗಿಲಿಗೆ ಕ್ಯಾಮೆರಾ, ರೂಮಿಗೆ ಟಿವಿ, ಪೊಲೀಸರಿಗೆ ಸುದ್ದಿ ಮುಟ್ಟಿಸೋ ಬಟನ್ ಸೇರಿಸಿ ವಿನ್ಯಾಸ ಮಾಡಿದರು. 1966ರಲ್ಲಿ ಅರ್ಜಿ, 1969ರಲ್ಲಿ ಪೇಟೆಂಟ್. ನಾನು ಸೈರನ್ ಜೊತೆಗೆ ಫೋನಿಗೆ ಮೆಸೇಜ್ ಹೋಗೋ ಹಾಗೆ ಮಾಡಿದೆ, ಪಕ್ಕದ ಮನೆ ಆಂಟಿಗೂ ಹೋಗುತ್ತೆ. ಈಗ ಊರಿಗೆ ಹೋಗೋ ಮುಂಚೆ ಅವರಿಗೆ ಹೇಳಿಯೇ ಹೋಗ್ತೀವಿ.

ಎಲ್ಲ ಮುಗಿದ ಸಂಜೆ ಅಂಕಲ್ ನೋಡೋಕೆ ಬಂದರು. ಬಾಗಿಲು ತೆಗೆದು ತೋರಿಸೋಣ ಅಂತ ನಾನು ಮೆಟ್ಟಿಲು ಹತ್ತಿದೆ. ಅವರು ಜೇಬಿಂದ ಸಣ್ಣ ಕಟ್ಟರ್ ತೆಗೆದು ಶಾಫ್ಟ್ ಪಕ್ಕದ ವೈರನ್ನ ಕಟ್ ಮಾಡಿಬಿಟ್ಟರು. ಸೈರನ್ ಕಿವಿ ಕಿತ್ತುಹೋಗೋ ಹಾಗೆ ಹೊಡೀತು. ಎದುರು ಮನೆಯವರು ಬಾಲ್ಕನಿಗೆ ಬಂದರು, ಬೀದಿ ನಾಯಿಗಳು ಶುರು ಮಾಡಿದವು. ಅಂಕಲ್ ತಲೆಯಾಡಿಸಿದರು. ಒಳಗಿಂದ ಅಮ್ಮ: "ಆಫ್ ಮಾಡೋ ಅದನ್ನ, ಹಾಲು ಉಕ್ಕಿದ್ದೂ ಗೊತ್ತಾಗ್ತಿಲ್ಲ!"