ಔಷಧದಲ್ಲಿ ವಿಷ: ಮೂರು ನಗರಗಳ ಸಾಕ್ಷ್ಯ

ನಕಲಿ ಔಷಧದ ಚರಿತ್ರೆಯನ್ನು ವಂಚಕರ ಚರಿತ್ರೆಯೆಂದು ಬರೆಯುವುದು ರೂಢಿ. ಆದರೆ ಮದರಾಸು, ಮುಂಬಯಿ, ದೆಹಲಿಗಳ ಮೂರು ದುರಂತಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿದಾಗ, ಅದು ನಡೆಯದೆ ಹೋದ ಪರೀಕ್ಷೆಯ ಚರಿತ್ರೆಯೂ ಹೌದೆಂಬುದು ನಮಗೆ ಮನವರಿಕೆಯಾಗುತ್ತದೆ.

ಕಲಬೆರಕೆಯ ಕ್ವಿನೈನ್ ಮುಂತಾದ ಔಷಧಗಳ ಬಗ್ಗೆ ದೂರುಗಳು ಹೆಚ್ಚಿದಾಗ, 1930ರಲ್ಲಿ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿಯೊಂದು ನೇಮಕವಾಯಿತು. ಅದರ ವರದಿ 1931ರಲ್ಲಿ ಬಂದಿತು. ಔಷಧ ಕಾಯಿದೆಯಾದರೋ 1940ರಷ್ಟು ತಡವಾಗಿ ರೂಪುಗೊಂಡಿತು. ಈ ನಡುವೆ, 1937ರಲ್ಲಿ, ಅಮೆರಿಕದಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ದ್ರವೌಷಧಿಯೊಂದು ನೂರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡಿತ್ತು. ಬಣ್ಣವಿಲ್ಲದ, ಸಿಹಿಯಾದ, ಅಗ್ಗದ ಈ ದ್ರವ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ನೋಟಕ್ಕೂ ರುಚಿಗೂ ಅದು ಗ್ಲಿಸರಿನ್ನಿನಂತೆಯೇ ಇರುವುದರಿಂದ ಪರೀಕ್ಷೆಯಿಲ್ಲದೆ ಗುರುತಿಸಲಾಗದು.

ಹೀಗೆ ತಿಳಿದಿದ್ದ ವಿಷವೇ ಭಾರತದಲ್ಲಿ ಮರುಕಳಿಸಿತು. 1972ರಲ್ಲಿ ಮದರಾಸಿನಲ್ಲಿ ಹಲವು ಮಕ್ಕಳು ಸತ್ತರು. 1986ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಚಿಕಿತ್ಸೆಗೆಂದು ಕೊಟ್ಟ ಗ್ಲಿಸರಿನ್ 14 ರೋಗಿಗಳನ್ನು ಕೊಂದಿತು. ನ್ಯಾಯಮೂರ್ತಿ ಲೆಂಟಿನ್ ಆಯೋಗವು ಕೇವಲ ವ್ಯಾಪಾರಿಯನ್ನು ದೂಷಿಸಿ ಸುಮ್ಮನಾಗಲಿಲ್ಲ; ಖರೀದಿಯ ಕ್ರಮವನ್ನೂ ಔಷಧ ನಿಯಂತ್ರಣಾಡಳಿತವನ್ನೂ ಪ್ರಶ್ನಿಸಿತು. 1998ರಲ್ಲಿ ದೆಹಲಿಯ ಆಸ್ಪತ್ರೆಗಳಲ್ಲಿ, ಗುರುಗಾಂವ್‌ನಲ್ಲಿ ತಯಾರಾದ ಕೆಮ್ಮಿನ ಔಷಧ ಸೇವಿಸಿದ 33 ಮಕ್ಕಳು ಮೃತಪಟ್ಟರು.

ಪ್ರತಿ ದುರಂತದ ನಂತರ ಶಿಕ್ಷೆಯ ಮಾತು ಕೇಳಿಬರುವುದು ಸಹಜ. 1982ರ ತಿದ್ದುಪಡಿಯು ಕಲಬೆರಕೆ ಹಾಗೂ ನಕಲಿ ಔಷಧಗಳನ್ನು ಪ್ರತ್ಯೇಕವಾಗಿ ನಿರೂಪಿಸಿತು. 2008ರ ತಿದ್ದುಪಡಿಯು ಸಾವಿಗೆ ಕಾರಣವಾಗುವ ಇಂಥ ಔಷಧಗಳಿಗೆ ಜೀವಾವಧಿಯವರೆಗಿನ ಸೆರೆವಾಸವನ್ನು ವಿಧಿಸಿತು. ಆದರೆ ಶಿಕ್ಷೆ ಸಾವಿನ ನಂತರ ಬರುವಂಥದು. ಪರೀಕ್ಷೆ ಅದಕ್ಕಿಂತ ಮೊದಲು ನಡೆಯಬೇಕಾದದ್ದು. ಕಾರ್ಖಾನೆಗೆ ಬಂದ ಪ್ರತಿ ಪೀಪಾಯಿಯನ್ನು ಪರೀಕ್ಷಿಸದೆ, ಪೂರೈಕೆದಾರನ ಪ್ರಮಾಣಪತ್ರವನ್ನೇ ನಂಬಿದರೆ ಕಾಯಿದೆ ಕೈಚೆಲ್ಲಬೇಕಾಗುತ್ತದೆ. ಇದು ಬಡರಾಷ್ಟ್ರಗಳ ಅನುಭವವೂ ಹೌದು: ಬಾಂಗ್ಲಾದೇಶ, ಹೈಟಿ, ಪನಾಮಾ ಹಾಗೂ 2022ರಲ್ಲಿ ಗ್ಯಾಂಬಿಯಾ ಇದಕ್ಕೆ ನಿದರ್ಶನ. 2025ರಲ್ಲಿ ಮಧ್ಯಪ್ರದೇಶದಲ್ಲಿ ಕೆಮ್ಮಿನ ಔಷಧ ಸೇವಿಸಿ ಸತ್ತ ಮಕ್ಕಳ ಪ್ರಕರಣದಲ್ಲೂ ಅದೇ ವಿಷ ಪತ್ತೆಯಾಯಿತು.

ಆದ್ದರಿಂದ ಮುಂದಿನ ಸಂಶೋಧಕರು ನ್ಯಾಯಾಲಯದ ಕಡತಗಳ ಜೊತೆಗೆ ಪ್ರಯೋಗಾಲಯಗಳ ದಾಖಲೆಗಳನ್ನೂ ಅರಸಬೇಕೆಂಬುದು ನಮ್ಮ ಅಭಿಪ್ರಾಯ. ಅಪರಾಧಿ ಯಾರೆಂಬುದನ್ನು ಕಡತ ಹೇಳೀತು. ತಡೆಯಬಹುದಾಗಿದ್ದ ಗಳಿಗೆ ಯಾವುದೆಂಬುದನ್ನು ಹೇಳಬಲ್ಲದ್ದು ಪರೀಕ್ಷಾ ಪುಸ್ತಕದ ಖಾಲಿ ಹಾಳೆ ಮಾತ್ರ.