ರಿಕ್ಷಾದವರ ‘ಪ್ರಾಧಿಕರಣ’

ನಿಗಡಿಯಲ್ಲಿ ರಿಕ್ಷಾ ಹತ್ತಿ ‘ಪ್ರಾಧಿಕರಣ’ ಎಂದರೆ ಸಾಕು, ಅಗಲ ರಸ್ತೆಗಳ ಸೆಕ್ಟರುಗಳತ್ತ ಕರೆದೊಯ್ಯುತ್ತಾರೆ. ಕನ್ನಡದ ಕಿವಿಗೆ ಇದು ವಿಚಿತ್ರ. ನಮ್ಮಲ್ಲಿ ಅಥಾರಿಟಿ ಅಂದರೆ ‘ಪ್ರಾಧಿಕಾರ’. ಬಿಡಿಎ ಬಡಾವಣೆಯಲ್ಲಿ ಮನೆ ಕಟ್ಟಿದವರು ಯಾರೂ ‘ಪ್ರಾಧಿಕಾರದಲ್ಲಿದ್ದೇನೆ’ ಎನ್ನುವುದಿಲ್ಲ.

ಹೆಸರು ಹುಟ್ಟಿದ್ದು 1972ರಲ್ಲಿ. ಪಿಂಪ್ರಿ, ಚಿಂಚವಾಡ, ಆಕುರ್ಡಿಗಳ ಕಾರ್ಖಾನೆಗಳಿಗೆ ಬಂದ ಜನಕ್ಕೆ ಮನೆ ಬೇಕಿತ್ತು. ಸರ್ಕಾರ ‘ಪಿಂಪ್ರಿ-ಚಿಂಚವಾಡ ನವನಗರ ವಿಕಾಸ ಪ್ರಾಧಿಕರಣ’ ಸ್ಥಾಪಿಸಿ, ರೈತರ ಹೊಲಗಳನ್ನು ವಶಪಡಿಸಿಕೊಂಡು ಸೆಕ್ಟರುಗಳನ್ನು ಮಾಡಿತು.

ಅಥಾರಿಟಿ ಎಂಬ ಒಂದೇ ಪದಕ್ಕೆ ನಾವು ಎಷ್ಟು ಬಾಗಿಲು ತಟ್ಟಬೇಕು! ಆಜ್ಞೆ ಮಾಡುವ ಬಲವಾದರೆ ಅಧಿಕಾರ, ಕಚೇರಿಯಾದರೆ ಪ್ರಾಧಿಕಾರ, ಗ್ರಂಥದ ಮಾತಾದರೆ ಪ್ರಮಾಣ. ಕನ್ನಡ-ಮರಾಠಿ ನಂಟಿನ ವಿಷಯಕ್ಕೆ ಶಂ.ಬಾ. ಜೋಶಿಯವರು ಅಥಾರಿಟಿ ಎನ್ನಬೇಕಾದಾಗ ಇವು ಯಾವುವೂ ಕೂರುವುದಿಲ್ಲ; ‘ಬಲ್ಲವರು’ ಎಂದರೇ ಚೆಂದ.

ಮರಾಠಿಯವರ ಪದಕ್ಕೂ ಹಳೆಯ ಬೇರಿದೆ. ಗುಪ್ತರ ಕಾಲದ ಮುದ್ರೆಗಳಲ್ಲಿ ‘ಅಧಿಕರಣ’ ಎಂದರೆ ಕಚೇರಿ. ಸಂಸ್ಕೃತ ವ್ಯಾಕರಣದಲ್ಲಾದರೆ ಅದು ಕ್ರಿಯೆಗೆ ಆಧಾರವಾದ ಜಾಗ, ಸಪ್ತಮೀ ವಿಭಕ್ತಿಯ ಅರ್ಥ, ನಮ್ಮ ‘ಅಲ್ಲಿ’. ಕಚೇರಿಯ ಹೆಸರನ್ನು ಜಾಗಕ್ಕೆ ಇಟ್ಟ ರಿಕ್ಷಾದವರು ತಮಗೆ ತಿಳಿಯದೆಯೇ ಪಾಣಿನಿಯ ಪಕ್ಷ ಸೇರಿದ್ದಾರೆ.

2021ರಲ್ಲಿ ಆ ಸಂಸ್ಥೆಯನ್ನೇ ಪಿಎಂಆರ್‌ಡಿಎಯಲ್ಲಿ ವಿಲೀನಗೊಳಿಸಿದರು. ಬಡಾವಣೆಗೆ ಹೆಸರು ಉಳಿಯಿತು. ಹೊಲ ಕಳೆದುಕೊಂಡ ಹಳೆಯ ಕುಟುಂಬಗಳು ಶೇ. 12.5ರಷ್ಟು ಜಾಗವನ್ನು ಮರಳಿ ಕೊಡಿ ಎಂದು ವರ್ಷಗಟ್ಟಲೆ ಕೇಳುತ್ತಲೇ ಬಂದಿದ್ದವು. ಆ ಅರ್ಜಿಯ ಮೇಲೆ ಬೇರೆ ಕಚೇರಿಯ ಹೆಸರು ಬರೆಯಬೇಕಾಯಿತು.