ಮಾನುಕಾ: ಕಡಿದ ನೆಲದಲ್ಲೇ ಮತ್ತೆ ನೆಟ್ಟ ಪೊದೆ

ಮಾನುಕಾ ನ್ಯೂಜಿಲೆಂಡಿನ ಬಡ ಮಣ್ಣಿನಲ್ಲಿ, ಗಾಳಿಗೆ ಮೈಯೊಡ್ಡಿದ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ನಿತ್ಯಹಸಿರಿನ ಪೊದೆ. ಆಗ್ನೇಯ ಆಸ್ಟ್ರೇಲಿಯಾದಲ್ಲೂ ಟಾಸ್ಮೇನಿಯಾದಲ್ಲೂ ಇದು ಉಂಟು. ನೇರಳೆ, ಸೀಬೆ, ಲವಂಗ, ನೀಲಗಿರಿಗಳ ಮಿರ್ಟೇಸೀ ಕುಟುಂಬಕ್ಕೇ ಇದೂ ಸೇರಿದ್ದು. ಎಲೆ ಚಿಕ್ಕದು, ತುದಿ ಮುಳ್ಳಿನಂತೆ ಚುಚ್ಚುತ್ತದೆ. ಹೂವಿಗೆ ಐದು ಬಿಳಿ ದಳ, ನಡುವೆ ಮಕರಂದ ತುಂಬುವ ಪುಟ್ಟ ಬಟ್ಟಲು. ಕಟ್ಟಿಗೆಯಂತೆ ಗಟ್ಟಿಯಾದ ಕಾಯಿ ಕೆಲವು ಸೀಮೆಗಳಲ್ಲಿ ವರ್ಷಗಟ್ಟಲೆ ಕೊಂಬೆ ಬಿಡುವುದಿಲ್ಲ. ಬೆಂಕಿ ಬಿದ್ದಾಗ ಬಾಯಿ ಬಿಟ್ಟು, ಎಳೆಯಂಥ ಸಣ್ಣ ಬೀಜಗಳನ್ನು ಬೂದಿಯ ಮೇಲೆ ಉದುರಿಸುತ್ತದೆ.

ಮಾವೊರಿ ಜನ ಇದರ ಗಟ್ಟಿ ಮರದಿಂದ ನೆಲ ಅಗೆಯುವ ಕೋಲು, ದೋಣಿಯ ಹುಟ್ಟು, ಆಯುಧಗಳನ್ನು ಮಾಡುತ್ತಿದ್ದರು. ಎಲೆ, ತೊಗಟೆಗಳ ಕಷಾಯ ಅವರ ಮನೆಮದ್ದಾಗಿತ್ತು. ಕ್ಯಾಪ್ಟನ್ ಕುಕ್‌ನ ನಾವಿಕರು ಎಲೆಯನ್ನು ಚಹಾದಂತೆ ಕುದಿಸಿ ಕುಡಿದರು, ಹಾಗಾಗಿ ಇಂಗ್ಲಿಷರ ಬಾಯಲ್ಲಿ ಇದು ಚಹಾ ಮರವಾಯಿತು. 1773ರಲ್ಲಿ ಡಸ್ಕಿ ಸೌಂಡ್ ಕೊಲ್ಲಿಯಲ್ಲಿ ಕುಕ್ ರಿಮು ಮರದ ಚಿಗುರಿನಿಂದ ಬಿಯರ್ ಮಾಡಿಸಿದ. ಅದೊಂದರದೇ ಒಗರು ಹೆಚ್ಚಾದಾಗ ಅಷ್ಟೇ ಪ್ರಮಾಣದ ಮಾನುಕಾ ಸೊಪ್ಪು ಬೆರೆಸಿ ರುಚಿಗೆ ತಂದ. ಅದೇ ಯಾನದಲ್ಲಿದ್ದ ಫಾರ್ಸ್ಟರ್ ತಂದೆ-ಮಕ್ಕಳು 1776ರಲ್ಲಿ ಇದಕ್ಕೆ ಲೆಪ್ಟೊಸ್ಪರ್ಮಮ್ ಸ್ಕೋಪೇರಿಯಮ್ ಎಂಬ ಹೆಸರಿಟ್ಟರು. ಎರಡನೆಯ ಪದಕ್ಕೆ ಪೊರಕೆಯಂಥದ್ದು ಎಂದರ್ಥ.

ತೋಟದ ಗಿಡವಾಗಿ ಇದರ ಭಾಗ್ಯ ತೆರೆದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಕ್ರೈಸ್ಟ್‌ಚರ್ಚ್ ಬಳಿ ಬಿಳಿ ಹೂಗಳ ನಡುವೆ ಕಡುಗೆಂಪು ಹೂವಿನ, ತಾಮ್ರಬಣ್ಣದ ಎಲೆಯ ಒಂದು ಗಿಡ ಸಿಕ್ಕಿತು. ಅದರ ಸಂತತಿ ನಿಕೋಲ್ಸಿ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ತೋಟಗಳಿಗೂ ಹೋಯಿತು. ಮುಂದೆ ಕ್ಯಾಲಿಫೋರ್ನಿಯಾದ ತಳಿತಜ್ಞ ವಾಲ್ಟರ್ ಲ್ಯಾಮರ್ಟ್ಸ್ ಸುತ್ತುದಳದ ರೆಡ್ ಡಮಾಸ್ಕ್ ತಳಿಯನ್ನು ಬೆಳೆಸಿದ. ಇಂಥ ತಳಿಗಳು ಬೀಜದಿಂದ ತಾಯಿಯಂತೆಯೇ ಹುಟ್ಟುವುದಿಲ್ಲ; ಎಳೆ ಕಡ್ಡಿಯನ್ನು ಬೇರು ಬರಿಸಿಯೇ ಬೆಳೆಸಬೇಕು. ನೀರು ನಿಲ್ಲದ ಮಣ್ಣು, ತುಂಬು ಬಿಸಿಲು ಇದಕ್ಕೆ ಹಿತ. ಹೂ ಮುಗಿದ ಮೇಲೆ ಹಸಿರು ತುದಿಗಳನ್ನಷ್ಟೇ ಸವರಬೇಕು. ಎಲೆಯಿಲ್ಲದ ಹಳೆಯ ಕೊಂಬೆಗೆ ಕತ್ತರಿ ತಾಗಿದರೆ ಅಲ್ಲಿ ಮತ್ತೆ ಚಿಗುರು ಬರುವುದು ಅಪರೂಪ.

ದನಕುರಿಗಳ ಹುಲ್ಲುಗಾವಲಿಗಾಗಿ ಕಾಡು ಕಡಿದ ರೈತರಿಗೆ ಮಾತ್ರ ಇದು ಕಳೆ. ಕಡಿದಲ್ಲಿ, ಸುಟ್ಟಲ್ಲಿ ಮತ್ತೆ ಹುಟ್ಟುತ್ತಿತ್ತು. 1937ರ ಸುಮಾರಿಗೆ ದಕ್ಷಿಣ ಕ್ಯಾಂಟರ್ಬರಿಯಲ್ಲಿ ಪೊದೆಗಳು ಮಸಿ ಬಳಿದಂತೆ ಕಪ್ಪಾಗಿ ಸಾಯತೊಡಗಿದವು. ಆಸ್ಟ್ರೇಲಿಯಾದಿಂದ ಬಂದ ಒಂದು ಶಲ್ಕಕೀಟ ರಸ ಹೀರಿ ಸಿಹಿ ಅಂಟು ಸುರಿಸುತ್ತಿತ್ತು, ಆ ಅಂಟಿನ ಮೇಲೆ ಕಪ್ಪು ಬೂಷ್ಟು ಹಬ್ಬುತ್ತಿತ್ತು. ರೈತರು ಹಿಗ್ಗಿದರು. ಕೀಟ ಹತ್ತಿದ ಕೊಂಬೆಗಳನ್ನು ದೂರದೂರದ ಊರುಗಳಿಗೆ ಒಯ್ದು ತಮ್ಮ ಗುಡ್ಡಗಳ ಪೊದೆಗೆ ತಾವೇ ಕಟ್ಟಿದರು. ಒಂದು ನಾಡು ತನ್ನ ಸ್ವಂತ ಗಿಡಕ್ಕೆ ಕೈಯಾರೆ ರೋಗ ಹಂಚಿದ ಈ ಪ್ರಸಂಗ ನೋವಿನದು. ಮುಂದೆ ಆ ಕೀಟವನ್ನೇ ತಿನ್ನುವ ಶಿಲೀಂಧ್ರವೊಂದು ಹರಡಿ ಮಾನುಕಾ ಉಳಿಯಿತು.

ಜೇನುಹುಳು ನ್ಯೂಜಿಲೆಂಡಿಗೆ ಬಂದದ್ದು 1839ರಲ್ಲಿ, ಮೇರಿ ಬಂಬಿ ಎಂಬ ಮಿಷನರಿ ಮಹಿಳೆಯ ಗೂಡುಗಳೊಂದಿಗೆ. ಆದರೂ ಮಾನುಕಾ ಜೇನಿಗೆ ಬಹುಕಾಲ ಬೆಲೆಯಿರಲಿಲ್ಲ. ಅದು ಲೋಳೆಯಂತೆ ಗಟ್ಟಿ. ಯಂತ್ರದಲ್ಲಿ ಎಷ್ಟು ತಿರುಗಿಸಿದರೂ ಎರಿಯಿಂದ ಇಳಿಯದು. ಕಣ್ಣುಕಣ್ಣಿಗೂ ಸೂಜಿ ಚುಚ್ಚಿ ಕದಡಿದರೆ ಮಾತ್ರ ತೆಳುವಾಗಿ ಹರಿಯುತ್ತದೆ. 1980ರ ದಶಕದಲ್ಲಿ ವೈಕಾಟೊ ವಿಶ್ವವಿದ್ಯಾಲಯದ ಪೀಟರ್ ಮೋಲನ್ ಇದಕ್ಕೆ ಉಳಿದ ಜೇನುಗಳಿಗಿಲ್ಲದ ಬ್ಯಾಕ್ಟೀರಿಯಾ ನಿರೋಧಕ ಶಕ್ತಿಯಿದೆಯೆಂದು ತೋರಿಸಿದರು. ಅದು ಮಿಥೈಲ್‌ಗ್ಲೈಆಕ್ಸಾಲ್‌ ಎಂಬ ವಸ್ತುವಿನ ಗುಣವೆಂದು 2008ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಥಾಮಸ್ ಹೆನ್ಲೆ ತಂಡ ಪ್ರಕಟಿಸಿತು. ಮಕರಂದದಲ್ಲಿರುವ ಬೇರೊಂದು ವಸ್ತು, ಜೇನು ಮಾಗಿದಂತೆ, ತಿಂಗಳುಗಟ್ಟಲೆ ನಿಧಾನವಾಗಿ ಇದಾಗಿ ಮಾರ್ಪಡುತ್ತದೆ.

ಬೆಲೆ ಏರಿದ ಮೇಲೆ ಬೇಸಾಯವೂ ತಿರುಗಿತು. ಹೂವಿನ ಕಾಲ ಕೆಲವೇ ವಾರಗಳದ್ದಾದ್ದರಿಂದ ಬೇಗ, ತಡವಾಗಿ ಅರಳುವ ತಳಿಗಳನ್ನು ಆರಿಸಿ ನೆಡುತ್ತಾರೆ. ನೆಡುವ ಜಾಗ ಬಹುಪಾಲು ಕಡಿದಾದ ಗುಡ್ಡಗಳು. ಹಿಂದೆ ಇದೇ ಪೊದೆಯನ್ನು ಸುಟ್ಟು ಹುಲ್ಲು ಬಿತ್ತಿದ್ದ, ಈಗ ಮಣ್ಣು ಜಾರುತ್ತಿರುವ ಇಳಿಜಾರುಗಳು.